ಹಗೇವಿನ ಮೇಲೊಂದು ಮಣೆ

ಅಜ್ಜಂಪುರದ ಆ ಮನೆಯನ್ನು ಕೊಳ್ಳುವ ಮುಂಚೆ ನಾವು ಎಷ್ಟು ಸಲ ನೋಡಲು ಹೋದರೂ ನಡುಮನೆಯ ಮಧ್ಯದಲ್ಲಿ ಒಬ್ಬರು ಅಜ್ಜಿ ಕಂಬಳಿ ಹೊದ್ದು ಮಲಗಿರುತ್ತಿದ್ದರು. ಬೆಳಿಗ್ಗೆ ಹೋದರೂ ಮಲಗಿರುತ್ತಿದ್ದರು, ಇಳಿಹೊತ್ತಿನಲ್ಲಿ ಹೋದರೂ ಮಲಗಿರುತ್ತಿದ್ದರು. ಮನೆ ಮಾರುತ್ತಿದ್ದ ಸಾಹುಕಾರರು ಬಾಗಿಲಲ್ಲೇ ದನಿ ತಗ್ಗಿಸಿ, “ನಮ್ಮ ದೊಡ್ಡಮ್ಮ ಕಣ್ರೀ. ಮೈ ಹುಷಾರಿಲ್ಲ. ಈಗಷ್ಟೇ ಕಣ್ಣು ಮುಚ್ಚವ್ರೆ, ಸ್ವಲ್ಪ ಗೋಡೆ ಪಕ್ಕ ಹಾದು ಬನ್ನಿ” ಎನ್ನುತ್ತಿದ್ದರು. ಮಲಗಿದ ಹಿರಿಯರನ್ನು ಎಬ್ಬಿಸಿ ನೆಲ ನೋಡುವಷ್ಟು ಮರ್ಯಾದೆಗೆಟ್ಟವರು ನಾವಲ್ಲ. ಗೋಡೆ ಸವರಿಕೊಂಡು, ಬೆಕ್ಕಿನ ಹಾಗೆ ಕಾಲೂರಿ, ಅಡುಗೆಮನೆ ನೋಡಿದೆವು, ಕೋಣೆ ನೋಡಿದೆವು, ಹಿತ್ತಲಿನ ಬಾವಿಗೆ ಬಗ್ಗಿ ನೋಡಿದೆವು. ಮನೆಯೆಲ್ಲ ನೋಡಿದೆವು ಎಂದುಕೊಂಡು ಹೊರಗೆ ಬಂದೆವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಯಜಮಾನರು ಮೇಷ್ಟ್ರು. ತರೀಕೆರೆಯಿಂದ ಅಜ್ಜಂಪುರದ ಶಾಲೆಗೆ ವರ್ಗವಾಗಿತ್ತು. ನನ್ನ ಅತ್ತೆಗೆ ಬಾಡಿಗೆ ಮನೆ ಎಂದರೆ ಮೈಯೆಲ್ಲ ಉರಿ. “ಮೊಳೆ ಹೊಡೆಯೋಕೂ ಇನ್ನೊಬ್ಬರ ಅಪ್ಪಣೆ ಕೇಳೋ ಬಾಳು ಒಂದು ಬಾಳೇನೇ?” ಎನ್ನುತ್ತಿದ್ದರು. ಬುಕ್ಕಾಂಬುಧಿ ಕಡೆ ಅವರ ಪಾಲಿಗೆ ಬಂದಿದ್ದ ಒಂದು ತುಂಡು ಹೊಲವಿತ್ತು. ಅದನ್ನು ಮಾರಿ ಮನೆ ಕೊಳ್ಳುವುದೆಂದು ಅವರೇ ತೀರ್ಮಾನ ಮಾಡಿ, ನಮಗೆ ಆಮೇಲೆ ತಿಳಿಸಿದರು.

ಸಾಹುಕಾರರದು ಈರುಳ್ಳಿ ವ್ಯಾಪಾರ. ಸಂಸಾರವನ್ನು ತರೀಕೆರೆಗೆ ಸಾಗಿಸಿ ಅಜ್ಜಂಪುರದ ಹಳೇ ಮನೆ ಮಾರಲು ನಿಂತಿದ್ದರು. ದಪ್ಪನೆಯ ಮೈ, ಇಸ್ತ್ರಿ ಮಾಡಿದ ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಕಂಡಕಂಡ ಹೆಂಗಸರನ್ನೆಲ್ಲ ‘ತಾಯಿ’ ಎನ್ನುವ ಬಾಯಿ. ಹೆಣ್ಣು ತೋರಿಸುವವರ ಹಾಗೆ ಮನೆ ತೋರಿಸುತ್ತಿದ್ದರು. “ಬಂಗಾರದಂಥ ಮನೆ ಕಣ್ರೀ ತಾಯಿ. ಕಂಬ ನೋಡಿ, ತೊಲೆ ನೋಡಿ. ನೆಲಕ್ಕೆ ಹೊಸದಾಗಿ ಗಾರೆ ಹಾಕ್ಸೀನಿ, ಕನ್ನಡಿ ಹಂಗೆ ಮುಖ ಕಾಣ್ತದೆ.” ಮುಖ ಕಂಡದ್ದು ನಿಜ. ಕೆಂಪು ನೆಲದ ಹೊಳಪಿನಲ್ಲಿ ನನ್ನ ಮೂಗುತಿ ಸಹ ಕಂಡಿತ್ತು. ಒಂದು ಕಡೆ ಮಾತ್ರ ಕಂಬಳಿ ಕಂಡಿತ್ತು.

ತರೀಕೆರೆಯಲ್ಲಿ ಕ್ರಯಪತ್ರ ರಿಜಿಸ್ಟ್ರಿ ಆಯಿತು. ಪತ್ರ ಬರೆಯುವವರು ಒಂದೇ ಉಸಿರಿನಲ್ಲಿ ಓದಿದರು. ‘ಖುದ್ದು ನೋಡಿ, ಒಪ್ಪಿ, ಇದ್ದ ಸ್ಥಿತಿಯಲ್ಲಿ ಕೊಂಡಿರುತ್ತೇವೆ’ ಎಂಬ ಸಾಲು ಬಂದಾಗ ಸಾಹುಕಾರರು ನಮ್ಮ ಅತ್ತೆಯ ಕಡೆ ತಿರುಗಿ, “ಇನ್ನೇನು ತಾಯಿ, ಮನೆ ನಿಮ್ಮದಾಯ್ತು” ಎಂದು ನಕ್ಕರು. ಅತ್ತೆಯ ಹೆಬ್ಬೆಟ್ಟು ಮಸಿಯಾಗಿತ್ತು. ಅವರೂ ಅದನ್ನು ತಲೆಗೆ ಒರೆಸಿಕೊಂಡು ನಕ್ಕರು.

ಸಾಮಾನು ಸಾಗಿಸಿಕೊಂಡು ಬಂದ ದಿನ ಅಜ್ಜಿ ಇರಲಿಲ್ಲ. ನಡುಮನೆ ಖಾಲಿಯಾಗಿ, ಒಣಗಿ, ಚೆಂದವಾಗಿತ್ತು. ಬೇಸಿಗೆ ಸುಖವಾಗಿ ಕಳೆಯಿತು. ಮುಂಗಾರು ಹಿಡಿದ ಮೇಲೆ ಮನೆಗೆ ಒಂದು ವಾಸನೆ ಬಂತು. ಮೊದಲು ನಾನು ಅದನ್ನು ಯಜಮಾನರ ಒದ್ದೆ ಛತ್ರಿಯ ಮೇಲೆ ಹಾಕಿದೆ. ಛತ್ರಿ ಜಗುಲಿಗೆ ಹೋಯಿತು, ವಾಸನೆ ಹೋಗಲಿಲ್ಲ. ಆಮೇಲೆ ನಿಂಬೆಹಣ್ಣಿನ ಆಟ ಶುರುವಾಯಿತು. ನಡುಮನೆಯಲ್ಲಿ ಕೈತಪ್ಪಿ ಬಿದ್ದ ನಿಂಬೆಹಣ್ಣು, ದಾರದ ಉಂಡೆ, ಅತ್ತೆಯ ಅಡಿಕೆ, ಏನೇ ಆಗಲಿ ಉರುಳುರುಳಿ ಒಂದೇ ಜಾಗಕ್ಕೆ ಹೋಗಿ ನಿಲ್ಲುತ್ತಿತ್ತು. “ಒಳ್ಳೇದೇ ಆಯ್ತು, ಬಗ್ಗಿ ಹುಡುಕೋ ಕೆಲಸ ಇಲ್ಲ” ಎಂದರು ಅತ್ತೆ. ಅಲ್ಲಿಯವರೆಗೂ ಅವರಿಗೆ ಮನೆಯ ಮೇಲೆ ಹೊಸ ಸೊಸೆಯ ಮೇಲಿದ್ದುದಕ್ಕಿಂತ ಹೆಚ್ಚು ಪ್ರೀತಿ.

ಒಂದು ದಿನ ಹೊರಗೆ ಮಳೆ ಬರುತ್ತಿತ್ತೆಂದು ಖಾರದ ಪುಡಿ ಕುಟ್ಟುವ ಕಲ್ಲನ್ನು ನಡುಮನೆಗೆ ಎಳೆದುಕೊಂಡು ಬಂದು ಕೂತೆ. ಹಾರೆಯಂಥ ಕಬ್ಬಿಣದ ಒನಕೆ ನಮ್ಮದು. ನಾಲ್ಕು ಪೆಟ್ಟು ಹಾಕಿರಬಹುದು. ನೆಲದ ಒಳಗಿನಿಂದ ‘ಘುಂ’ ಎಂದು ಯಾರೋ ಓಗೊಟ್ಟ ಹಾಗಾಯಿತು. ಕೈ ನಿಲ್ಲಿಸಿದೆ. ಮತ್ತೆ ಕುಟ್ಟಿದೆ. ಮತ್ತೆ ‘ಘುಂ’.

ಅಡುಗೆಮನೆಯಿಂದ ಅತ್ತೆ ಕೂಗಿದರು: “ಏನೇ ಅದು, ಖಾರ ಕುಟ್ತಿದೀಯೋ ಮದ್ದಲೆ ಬಾರಿಸ್ತಿದೀಯೋ?”

“ನಾನಲ್ಲ ಅತ್ತೆ, ನೆಲ ಬಾರಿಸ್ತಾ ಐತೆ” ಎಂದೆ.

ಅವರು ಕೈ ಒರೆಸಿಕೊಂಡು ಬಂದು, ಒನಕೆ ಕಿತ್ತುಕೊಂಡು, ತಾವೇ ಒಂದು ಪೆಟ್ಟು ಹಾಕಿದರು. ಆಮೇಲೆ ಒನಕೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ, ನನ್ನ ರಟ್ಟೆ ಹಿಡಿದು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ನಿಂತರು. “ಹಗೇವು” ಎಂದರು. ಅಷ್ಟೇ.

ನಮ್ಮ ಕಡೆಯವರಿಗೆ ಹಗೇವು ಏನೆಂದು ಹೇಳಬೇಕಾಗಿಲ್ಲ. ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಮಣ್ಣಿನಡಿ ಹೂತ ಗುಡಾಣದ ಹಾಗೆ. ಒಣಗಿದ ಗಟ್ಟಿ ನೆಲದಲ್ಲಿದ್ದರೆ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ನೀರು ಒಸರುವ ನೆಲದಲ್ಲಿದ್ದರೆ ರಾಗಿಯೂ ಹೋಯಿತು, ನೆಲವೂ ಹೋಯಿತು. ನಮ್ಮದು ಎರಡನೆಯ ಜಾತಿಯದು, ಅದೂ ನಡುಮನೆಯ ನಟ್ಟನಡುವೆ.

ಸಂಜೆ ಯಜಮಾನರು ಬಂದು ಹಾರೆಯಿಂದ ಒಂದು ಮೂಲೆಯನ್ನು ಎಬ್ಬಿಸಿ ನೋಡಿದರು. ಆ ಕನ್ನಡಿಯಂಥ ಗಾರೆ ದೋಸೆಯಷ್ಟೂ ದಪ್ಪವಿರಲಿಲ್ಲ. ಅದರ ಕೆಳಗೆ ಒಂದಿಷ್ಟು ಮಣ್ಣು, ಮಣ್ಣಿನ ಕೆಳಗೆ ಬಾಯಿ ಮುಚ್ಚಿದ ಚಪ್ಪಡಿ. ಚಪ್ಪಡಿ ಸೀಳಿ ಎರಡಾಗಿತ್ತು. ಸೀಳಿನಲ್ಲಿ ದಾರ ಕಟ್ಟಿದ ಕಲ್ಲು ಇಳಿಬಿಟ್ಟರೆ ತಳದಲ್ಲಿ ‘ಬುಳುಕ್’ ಎಂದಿತು. ಅದರ ಹಿಂದೆಯೇ ಮೇಲೆದ್ದು ಬಂದ ಕೊಳೆತ ರಾಗಿಯ ನಾತಕ್ಕೆ ನಾವು ಮೂರೂ ಜನ ಜಗುಲಿಗೆ ಓಡಿದೆವು. ಅಲ್ಲಿ ನಿಂತು ಅತ್ತೆ ಮೂಗು ಮುಚ್ಚಿಕೊಂಡೇ ಹೇಳಿದರು: “ಆ ಮುದುಕಿಗೆ ಏನೂ ಆಗಿರ್ಲಿಲ್ಲ ಕಣೋ. ಕಂಬಳಿ ಒಳಗೆ ಅಡಿಕೆ ಅಗೀತಿದ್ಲು. ನಾನು ಕಣ್ಣಾರೆ ನೋಡಿದ್ದೆ. ಕಾಯಿಲೆಯೋರು ಹಂಗೆ ಅಗೀತಾರಾ ಅಂತ ಅವತ್ತೇ ಅಂದ್ಕೊಂಡೆ.”

“ಅವತ್ತೇ ಹೇಳ್ಬಾರ್ದಿತ್ತಾ ಅವ್ವ?” ಎಂದರು ಯಜಮಾನರು.

“ಹೇಳಿದ್ರೆ ನೀವು ಬೇರೆ ಮನೆ ನೋಡೋಕೆ ಹೋಗ್ತಿದ್ರಿ” ಎಂದರು ಅತ್ತೆ.

ಮರುದಿನ ಯಜಮಾನರು ತರೀಕೆರೆಗೆ ಹೋಗಿ ಸಾಹುಕಾರರ ಈರುಳ್ಳಿ ಮಂಡಿಯಲ್ಲಿ ಕೂತು ಕೇಳಿದರು. ಸಾಹುಕಾರರು ಎದೆ ಮುಟ್ಟಿಕೊಂಡು, “ಹಗೇವಾ? ನನ್ನ ಮನೇಲಾ? ಅಂತರಘಟ್ಟಮ್ಮನಾಣೆ ನಂಗೆ ಗೊತ್ತಿಲ್ಲ ಮೇಷ್ಟ್ರೇ” ಎಂದು ಕಾಫಿ ತರಿಸಿದರಂತೆ. ಕಾಫಿ ಚೆನ್ನಾಗಿತ್ತು ಎಂದು ಯಜಮಾನರು ಹೇಳಿದ್ದಕ್ಕೆ ಅತ್ತೆ ಒಂದು ದಿನವಿಡೀ ಅವರೊಡನೆ ಮಾತಾಡಲಿಲ್ಲ.

ಲಾಯರನ್ನು ಕಾಣುವುದೆಂದಾಯಿತು. ತರೀಕೆರೆಯಲ್ಲಿ ಲಾಯರುಗಳಿಗೆ ಬರವಿರಲಿಲ್ಲ. ಆದರೆ ಆ ಊರಿನಲ್ಲಿ ಸಾಹುಕಾರರ ಕಾಫಿ ಕುಡಿಯದವರಿಗೆ ಬರವಿತ್ತು. ಆದ್ದರಿಂದ ಕಡೂರಿಗೆ ಹೋದೆವು. ಬೀರೂರು ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ, ಅತ್ತೆ ಕಟ್ಟಿಕೊಂಡು ಬಂದಿದ್ದ ರೊಟ್ಟಿ ತಿಂದು, ಕಡೂರಿನ ಕೋರ್ಟಿನ ಹಿಂದಿನ ಬೀದಿಯಲ್ಲಿ ಒಬ್ಬ ವಯಸ್ಸಾದ ಲಾಯರ ಮನೆ ಹುಡುಕಿ ಕೂತೆವು. ಅವರು ನಸ್ಯ ಏರಿಸುತ್ತ, ಸೀನುತ್ತ, ನಮ್ಮ ಕತೆಯನ್ನು ಪೂರ್ತಿ ಕೇಳಿದರು. ಕಂಬಳಿಯ ಭಾಗವನ್ನು ಮಾತ್ರ ಇನ್ನೊಂದು ಸಲ ಹೇಳಿಸಿದರು, ಬರೀ ಖುಷಿಗೆ.

“ನೋಡಿಮ್ಮ,” ಎಂದು ಅವರು ಶುರುಮಾಡಿದ್ದು ಅತ್ತೆಯ ಕಡೆ ತಿರುಗಿ. ನಮ್ಮಲ್ಲಿ ಯಜಮಾನಿಕೆ ಯಾರದೆಂದು ಅವರಿಗೆ ಆಗಲೇ ತಿಳಿದಿತ್ತು. “ಮನೇಲಿ ದೋಷ ಎರಡು ಥರ. ಕಣ್ಣಿಗೆ ಕಾಣೋದು, ಕಾಣದೇ ಇರೋದು. ಗೋಡೆ ಬಿರುಕು, ಮುರಿದ ಹೆಂಚು, ಇವನ್ನ ಕೊಳ್ಳೋರು ನೋಡ್ಕೋಬೇಕು. ನೋಡದೇ ಇದ್ರೆ ಅವರ ಹಣೆಬರಹ. ಆದ್ರೆ ಸಾಧಾರಣವಾಗಿ ನೋಡಿದ್ರೆ ಕಾಣದೇ ಇರೋ ದೊಡ್ಡ ದೋಷ, ಅದು ಮಾರೋನಿಗೆ ಗೊತ್ತಿದ್ರೆ, ಅವನು ಬಾಯಿ ಬಿಟ್ಟು ಹೇಳ್ಬೇಕು. ಹೇಳದೇ ಮುಚ್ಚಿಟ್ಟ ಅಂದ್ರೆ ಕಾನೂನಿನಲ್ಲಿ ಅದು ಮೋಸ.”

“ಇದ್ದ ಸ್ಥಿತಿಯಲ್ಲಿ ಒಪ್ಪಿದೀವಿ ಅಂತ ಬರ್ಕೊಟ್ಟಿದೀವಲ್ಲ ಸಾರ್?” ಎಂದರು ಯಜಮಾನರು.

“ಇದ್ದ ಸ್ಥಿತಿ ಅವನು ತೋರಿಸಿದ್ರೆ ತಾನೇ ನೀವು ಒಪ್ಪೋದು? ಅವನು ತೋರಿಸಿದ್ದು ಕಂಬಳಿ. ಆ ಸಾಲು ಅವನನ್ನ ಉಳಿಸಲ್ಲ.” ಲಾಯರು ಇನ್ನೊಂದು ಚಿಟಿಕೆ ನಸ್ಯ ಏರಿಸಿದರು. “ನಿಮಗೆ ದಾರಿಗಳಿವೆ. ಕ್ರಯವೇ ರದ್ದಾಗ್ಲಿ ಅಂತ ದಾವಾ ಹಾಕಬಹುದು. ಮನೆ ಅವನಿಗೆ, ಹಣ ನಿಮಗೆ. ಇಲ್ಲ, ಮನೆ ಇಟ್ಕೊಂಡು, ರಿಪೇರಿಗೆ ಆಗೋ ನಷ್ಟ ಕೊಡು ಅಂತ ಕೇಳಬಹುದು. ಇಲ್ಲ, ಕೂತು ಮಾತಾಡಿ ರಾಜಿ ಪತ್ರ ಮಾಡ್ಕೋಬಹುದು. ಪೊಲೀಸಿಗೆ ವಂಚನೆ ಅಂತ ದೂರು ಕೊಡೋದೂ ಒಂದು ದಾರಿ. ಆದ್ರೆ ಅಲ್ಲಿಗೆ ಹೋದ್ಮೇಲೆ ಅದು ನಿಮ್ಮ ಕೈಲಿ ಇರಲ್ಲ. ಏನೇ ಮಾಡಿ, ಸುಮ್ನೆ ಕೂರಬೇಡಿ. ಮೋಸ ತಿಳಿದ ಮೇಲೆ ದಾವಾ ಹಾಕೋಕೆ ಇಂತಿಷ್ಟು ಕಾಲ ಅಂತ ಇದೆ, ಅದು ಓಡೋಕೆ ಶುರುವಾಗಿದೆ. ಆಮೇಲೆ, ಆ ಗುಂಡಿನ ಈಗಲೇ ಮುಚ್ಚಿಸಬೇಡಿ. ಮುಚ್ಚಿದ್ರೆ ನಾಳೆ ಕೋರ್ಟಿನವರು ನೋಡೋದಾದ್ರೂ ಏನನ್ನ?”

ಅತ್ತೆಗೆ ಎಲ್ಲ ಅರ್ಥವಾಗಿತ್ತು. ಅವರು ಕೇಳಿದ್ದು ಒಂದೇ. “ಅವ್ನಿಗೆ ಗೊತ್ತಿತ್ತು ಅಂತ ಕೋರ್ಟಿಗೆ ಹೆಂಗೆ ಗೊತ್ತಾಗ್ತದೆ?”

“ಅದೇಮ್ಮ ಕೇಸು,” ಎಂದರು ಲಾಯರು. “ಮಿಕ್ಕಿದ್ದೆಲ್ಲ ಬರೀ ಕಾಗದ.”

ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಹೋಯಿತು. ಉತ್ತರವೂ ಬಂತು. ಸಾಹುಕಾರರು ಆ ಮನೆಯಲ್ಲಿ ಬಹಳ ವರ್ಷದಿಂದ ವಾಸವಿರಲಿಲ್ಲವಂತೆ, ನೆಲದಡಿ ಏನಿದೆಯೆಂಬುದು ಅವರಿಗೆ ಲವಲೇಶವೂ ತಿಳಿಯದಂತೆ. ಅಕ್ಕಪಕ್ಕದವರನ್ನು ಕೇಳಿದೆವು. ಪಕ್ಕದ ಮನೆಯ ಯಜಮಾನರಿಗೆ ಹಗೇವಿನ ಹುಟ್ಟು, ಬೆಳವಣಿಗೆ, ಅದರೊಳಗೆ ರಾಗಿ ಕೆಟ್ಟ ವರ್ಷ, ಎಲ್ಲವೂ ಗೊತ್ತಿತ್ತು. ನಮ್ಮ ಜಗುಲಿಯ ಮೇಲೆ ಕೂತು ಸೊಗಸಾಗಿ ಹೇಳಿದರು. ಸಾಕ್ಷಿ ಹೇಳುತ್ತೀರಾ ಎಂದ ಕೂಡಲೇ, “ನನ್ನ ಕೋರ್ಟಿಗೆ ಎಳೀಬೇಡಿ ಕಣಪ್ಪಾ, ಎಮ್ಮೆ ಕರ ಹಾಕೋ ಹೊತ್ತು” ಎಂದು ಎದ್ದು ಹೋದರು. ಆ ಎಮ್ಮೆ ಮುಂದಿನ ಯುಗಾದಿಗೂ ಕರು ಹಾಕಲಿಲ್ಲ.

ಅತ್ತೆ ಒಂದು ವಾರ ಯೋಚನೆ ಮಾಡಿದರು. ಅವರು ಯೋಚನೆ ಮಾಡುವಾಗ ಅವರೆಕಾಯಿ ಸುಲಿಯುತ್ತಿದ್ದರು, ಕಾಯಿ ಇಲ್ಲದ ಕಾಲದಲ್ಲಿ ಬೆಳ್ಳುಳ್ಳಿ. ಆ ವಾರ ನಮ್ಮನೆಯಲ್ಲಿ ಸುಲಿದ ಬೆಳ್ಳುಳ್ಳಿ ಒಂದು ಮೊರ ತುಂಬಿತ್ತು. ಕೊನೆಗೆ ಹೇಳಿದರು: “ಶ್ರಾವಣ ಸೋಮವಾರ ಮಠದ ಅಯ್ಯನೋರನ್ನ ಪೂಜೆಗೆ ಕರೆಯೋಣ. ಹೋಳಿಗೆ ಮಾಡೋಣ. ಸಾಹುಕಾರನ್ನೂ ಊಟಕ್ಕೆ ಕರೆಯೋಣ. ಊರಿನ ನಾಲ್ಕು ಹಿರೀಕರು ಇರ್ಲಿ. ಅವ್ನ ಮಣೆ ಮಾತ್ರ ನಾನು ಹಾಕ್ತೀನಿ.”

ಅದು ಅರ್ಥವಾಗಲು ನಮಗೆ ಒಂದು ಕ್ಷಣ ಬೇಕಾಯಿತು. ಆಮೇಲೆ ನಾನು ಸೆರಗು ಬಾಯಿಗಿಟ್ಟುಕೊಂಡೆ.

“ಗೊತ್ತಿಲ್ದೇ ಇರೋನು ಸುಮ್ನೆ ಕೂತು ಉಣ್ತಾನೆ,” ಎಂದರು ಅತ್ತೆ. “ಗೊತ್ತಿರೋನು ಆ ಮಣೆ ಮೇಲೆ ಕೂರಲ್ಲ. ಯಾಕೆ ಕೂರಲ್ಲಪ್ಪಾ ಅಂತ ಅಯ್ಯನೋರೇ ಕೇಳ್ಲಿ.”

“ಕುಸಿದು ಒಳಗೆ ಹೋದ್ರೆ?” ಎಂದರು ಯಜಮಾನರು.

“ಹೋಗದಂಗೆ ಮಾಡು. ನೀನೇ ಓದಿದೋನು.”

ಓದಿದವರು ಶಾಲೆಯ ಹಿಂದೆ ಬಿದ್ದಿದ್ದ, ಕಾಲು ಮುರಿದ ಹಳೇ ಕಪ್ಪುಹಲಗೆಯೊಂದನ್ನು ಕೇಳಿ ತಂದರು. ಗುಂಡಿಯ ಬಾಯಿಗೆ ಅಡ್ಡವಾಗಿ ಎರಡು ಗಟ್ಟಿ ತೊಲೆ ಹಾಕಿ, ಅದರ ಮೇಲೆ ಕಪ್ಪುಹಲಗೆ ಮಲಗಿಸಿದರು. ನೆಲ ತಗ್ಗಾಗಿದ್ದರಿಂದ ಅಚ್ಚುಕಟ್ಟಾಗಿ ಕೂತಿತು. ಯಜಮಾನರು ಅದರ ಮೇಲೆ ನಿಂತು ಕುಣಿದು ನೋಡಿದರು, ನಾನೂ ಕುಣಿದೆ. ಇಡೀ ನಡುಮನೆಗೆ ಜಮಖಾನ ಹಾಸಿದ ಮೇಲೆ ಯಾವುದು ಎಲ್ಲಿದೆಯೆಂದು ಮನೆಯವರಿಗೇ ತಿಳಿಯುವಂತಿರಲಿಲ್ಲ. ಕಡೂರಿನ ಲಾಯರಿಗೆ ಹೇಳಿ ಕರೆದಾಗ ಅವರು ಗಂಭೀರವಾಗಿ, “ಲಾಯರಾದೋನು ತನ್ನ ಕೇಸಿಗೇ ಸಾಕ್ಷಿ ಆಗೋಕಾಗಲ್ಲ, ನಾನು ಬರೋ ಹಾಗಿಲ್ಲ” ಎಂದರು. ಒಂದು ಚಿಟಿಕೆ ನಸ್ಯ ಏರಿಸಿ, “ಹೋಳಿಗೆ ಉಳಿದ್ರೆ ಬೀರೂರು ಕಡೆ ಬರೋರ ಕೈಲಿ ಕಳ್ಸಿ” ಎಂದರು.

ಸಾಹುಕಾರರು ಬರುತ್ತಾರೋ ಇಲ್ಲವೋ ಎಂದಿತ್ತು. ಬಂದರು. ಮಠದ ಅಯ್ಯನವರು ಕೂರುವ ಪಂಕ್ತಿಗೆ ಕರೆದಾಗ ಬರುವುದಿಲ್ಲ ಎನ್ನುವ ಧೈರ್ಯ ಅವರ ಕಡೆಯ ಯಾರಿಗೂ ಇರಲಿಲ್ಲ. ಜೊತೆಗೆ, ಊಟಕ್ಕೆ ಕರೆದವರು ರಾಜಿಗೆ ಬಂದಿದ್ದಾರೆ ಎಂದೂ ಅವರು ಎಣಿಸಿರಬೇಕು. “ನೋಟೀಸು ಗೀಟೀಸು ಎಲ್ಲಾ ಮನೆ ಮಾತು ತಾಯಿ, ಬಿಟ್ಹಾಕಿ” ಎನ್ನುತ್ತಲೇ ಒಳಗೆ ಬಂದರು. ಅಯ್ಯನವರ ಪಾದಪೂಜೆ ಮುಗಿಯಿತು. ಎಲೆ ಹಾಕಿದೆವು. ಹಿರಿಯರೆಲ್ಲ ಕೂತರು. ಮಧ್ಯದ ಮಣೆ ಖಾಲಿ.

“ಬನ್ನಿ, ನಿಮ್ಮ ಮಣೆ ಇದು” ಎಂದರು ಅತ್ತೆ, ಮದುಮಗನನ್ನು ಕರೆಯುವ ಹಾಗೆ.

ಸಾಹುಕಾರರ ಕಾಲು ಎರಡು ಹೆಜ್ಜೆ ಬಂತು, ನಿಂತಿತು. ಅವರು ಮೊದಲು ನೋಡಿದ್ದು ಮೇಲಿನ ತೊಲೆಯನ್ನು. ಆಮೇಲೆ ಬಾಗಿಲು, ಆಮೇಲೆ ಎದುರಿನ ಕಂಬ. ಗುರುತು ಹಿಡಿಯುತ್ತಿದ್ದರು. ಹಣೆಯ ವಿಭೂತಿಯ ಮೇಲೆ ಬೆವರು ಮೂಡಿತು. “ನಂಗೆ ಸೊಂಟ ನೋವು ತಾಯಿ, ಜಗುಲಿ ಮೇಲೆ ಕೂತ್ಕೋತೀನಿ” ಎಂದರು.

“ಗೋಡೆಗೊಂದು ದಿಂಬು ಕೊಡ್ಲಾ?” ಎಂದರು ಅತ್ತೆ. ಆ ಮಣೆಗೂ ಗೋಡೆಗೂ ನಡುವೆ ಒಂದು ಎತ್ತು ತಿರುಗುವಷ್ಟು ಜಾಗವಿತ್ತು.

ಅಯ್ಯನವರು ತಲೆ ಎತ್ತಿದರು. ಹಿರಿಯರೆಲ್ಲ ತಲೆ ಎತ್ತಿದರು. ಸಾಹುಕಾರರು ದಡ್ಡರಲ್ಲ. ಆ ಕಣ್ಣುಗಳನ್ನೆಲ್ಲ ಒಂದು ಸುತ್ತು ನೋಡಿದರು, ನಮ್ಮ ಅತ್ತೆಯನ್ನು ನೋಡಿದರು, ಎಲ್ಲ ಅರ್ಥ ಮಾಡಿಕೊಂಡರು. ಮುಖದ ಮೇಲೆ ನಗು ತಂದುಕೊಂಡು, ಪಂಚೆ ಮೇಲೆತ್ತಿ, ಕೆಂಡದ ಮೇಲೆ ಕೂರುವವರ ಹಾಗೆ ಒಂದೊಂದೇ ಅಂಗುಲ ಇಳಿದು, ಆ ಮಣೆಯ ಮೇಲೆ ಕೂತೇಬಿಟ್ಟರು!

ಅತ್ತೆ ತುಪ್ಪ ಬಡಿಸುವುದನ್ನೇ ಮರೆತರು. ಅವರ ಲೆಕ್ಕದಲ್ಲಿ ಇದು ಇರಲೇ ಇಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ಕೋಸಂಬರಿ ಪಾತ್ರೆ ಹಿಡಿದು ಹಾಗೇ ನಿಂತೆ. ಸಾಹುಕಾರರು ಉಸಿರನ್ನು ಅರ್ಧಕ್ಕೇ ಹಿಡಿದಿಟ್ಟುಕೊಂಡು ಊಟ ಶುರುಮಾಡಿದರು. ಮೈ ಒಂದಿಷ್ಟೂ ಅಲುಗುತ್ತಿರಲಿಲ್ಲ, ಬಲಗೈ ಮಾತ್ರ ಎಲೆಗೂ ಬಾಯಿಗೂ ಓಡಾಡುತ್ತಿತ್ತು. ಹೋಳಿಗೆಯ ಮೊದಲ ತುತ್ತು ಇಳಿಯಿತು, ಎರಡನೆಯದೂ ಇಳಿಯಿತು. ಅವರ ಬೆನ್ನು ನೆಟ್ಟಗಾಯಿತು. “ಹೂರಣ ಚೆನ್ನಾಗಿ ಬಂದೈತೆ ತಾಯಿ” ಎಂದರು. ಅತ್ತೆ ನನ್ನ ಕಡೆ ನೋಡಿದ ನೋಟದಲ್ಲಿ, ಆ ಹೂರಣಕ್ಕೆ ಬೆಲ್ಲ ಹಾಕಿದವಳು ನಾನೇ ಎಂಬ ಆಪಾದನೆಯಿತ್ತು.

ಅಷ್ಟು ಹೊತ್ತಿಗೆ ಹೊರಗೆ ಗಟ್ಟಿ ಧ್ವನಿ ಕೇಳಿಸಿತು. ಸಾಹುಕಾರರ ಜೊತೆಯಲ್ಲೇ ಅವರ ದೊಡ್ಡಮ್ಮನೂ ತರೀಕೆರೆಯ ಬಸ್ಸಿನಲ್ಲಿ ಬಂದಿದ್ದರಂತೆ. ಹೋಳಿಗೆ ಎಂದರೆ ಬಿಡುವವರಲ್ಲ. ಬೀದಿಯುದ್ದಕ್ಕೂ ಹಳೇ ನೆರೆಹೊರೆಯವರನ್ನು ಮಾತಾಡಿಸುತ್ತ ಹಿಂದೆ ಉಳಿದಿದ್ದರು. ಕಿವಿ ಮಂದ, ಆದ್ದರಿಂದ ಲೋಕವೇ ಕಿವುಡು ಎಂಬ ಹಾಗೆ ಕೂಗಿ ಮಾತಾಡುತ್ತಿದ್ದರು. ಕಂಬಳಿಯಿಲ್ಲದ ಅವರನ್ನು ನಾನು ನೋಡಿದ್ದು ಅದೇ ಮೊದಲು. ಬಿದಿರಿನ ಕಡ್ಡಿಯ ಹಾಗೆ ನೆಟ್ಟಗಿದ್ದರು. ಹೊಸಿಲು ದಾಟಿದರು, ಅಯ್ಯನವರಿಗೆ ಕೈ ಮುಗಿದರು, ಸೊಂಟಕ್ಕೆ ಕೈಕೊಟ್ಟು ಪಂಕ್ತಿ ನೋಡಿದರು. ಆಮೇಲೆ ಕಿರುಚಿದರು.

“ಲೇ! ಅಲ್ಯಾಕೋ ಕೂತೆ? ಏಳೋ, ಏಳೋ ನನ್ನಪ್ಪ! ಹಗೇವಿನ ಬಾಯಿ ಮೇಲೆ ಕೂತಿದೀಯಲ್ಲೋ!”

ಸಾಹುಕಾರರ ಬಾಯಲ್ಲಿ ಹೋಳಿಗೆ ಇತ್ತು. ಅವರು ಕಣ್ಣು ಮಿಟುಕಿಸಿದರು.

“ಕಣ್ಣಿಗೇನಾಯ್ತೋ, ಧೂಳು ಬಿತ್ತಾ?” ಎಂದರು ದೊಡ್ಡಮ್ಮ.

ಸಾಹುಕಾರರು ತಲೆಯನ್ನೂ ಅಲ್ಲಾಡಿಸಿದರು.

“ತಲೆ ಯಾಕೋ ಅಲ್ಲಾಡಿಸ್ತೀಯ? ‘ನೀನು ಹಗುರ ಇದೀಯ ದೊಡ್ಡಮ್ಮ, ಅವ್ರು ಮನೆ ನೋಡ್ಕೊಂಡು ಹೋಗೋಗಂಟ ಮಲಗಿರು, ಕುಸಿಯಲ್ಲ’ ಅಂತ ನನ್ನ ಮಲಗಿಸ್ದೋನು ನೀನೇ ಅಲ್ವೇನೋ? ಈಗ ಎರಡು ಮೂಟೆ ತೂಕ ಇಟ್ಕೊಂಡು ನೀನೇ ಕೂತಿದೀಯಲ್ಲೋ! ನಿಮ್ಮಪ್ಪ ಇದ್ದಾಗ್ಲೇ ಆ ಚಪ್ಪಡಿ ಸೀಳಿತ್ತು ಕಣೋ!”

ಪಂಕ್ತಿಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಅಯ್ಯನವರು ಎಲೆಯ ಮೇಲೆ ಕೈ ಹಾಗೇ ಇಟ್ಟುಕೊಂಡು, ಬಹಳ ನಿಧಾನವಾಗಿ, “ಇದೇನಪ್ಪಾ?” ಎಂದರು.

ಅತ್ತೆ ಮುಂದೆ ಬಂದರು. ಅವರ ಮುಖಕ್ಕೆ ಕಳೆ ಮರಳಿ ಬಂದಿತ್ತು. ಸಾಹುಕಾರರ ಎಲೆಗೆ ಬಗ್ಗಿ, “ಇನ್ನೊಂದು ಹಾಕ್ಲಾ?” ಎಂದು ಬಿಸಿ ಹೋಳಿಗೆ ಹಾಕಿ, ಧಾರಾಳವಾಗಿ ತುಪ್ಪ ಸುರಿದರು.

ಸಾಹುಕಾರರಿಗೆ ಈಗ ಏಳಬೇಕಿತ್ತು. ಏಳಲು ಮೈಭಾರ ಊರಬೇಕು, ಊರಲು ಧೈರ್ಯವಿರಲಿಲ್ಲ. “ಮೇಷ್ಟ್ರೇ, ಒಂಚೂರು ಕೈ ಕೊಡಿ” ಎಂದರು. ಯಜಮಾನರು ಒಂದು ಕಡೆ, ಪಂಕ್ತಿಯಲ್ಲಿದ್ದ ಪಕ್ಕದ ಮನೆಯ ಎಮ್ಮೆಯ ಯಜಮಾನರು ಇನ್ನೊಂದು ಕಡೆ ಹಿಡಿದು ಅವರನ್ನು ಬಾವಿಯಿಂದ ಕೊಡ ಎತ್ತುವ ಹಾಗೆ ಎತ್ತಿದರು. ಆಗ ಅತ್ತೆ ಜಮಖಾನದ ತುದಿ ಮಡಿಸಿ ಕಪ್ಪುಹಲಗೆ ತೋರಿಸಿದರು. “ನಾವು ನಿಮ್ಮಂಗಲ್ಲ. ಯಾರಿಗೂ ಏನೂ ಆಗ್ಬಾರ್ದು ಅಂತ ಹಲಗೆ ಹಾಕೇ ಕೂರಿಸಿದೀವಿ. ನೀವೂ ಒಂದು ಮಾತು ಹೇಳಿದ್ರೆ ಆಗ್ತಿತ್ತು.” ಅಲ್ಲಿಯವರೆಗೂ ಆಟದ ಹಾಗೆ ನಡೆದದ್ದು ಆ ಮಾತಿಗೆ ಯಾಕೋ ಆಟವಾಗಿ ಉಳಿಯಲಿಲ್ಲ. ನಾನು ಒನಕೆ ಎತ್ತಿ ಕುಟ್ಟಿದ ಆ ದಿನ ಚಪ್ಪಡಿ ಪೂರ್ತಿ ಕಳಚಿದ್ದರೆ ಎಂದು ನನಗೆ ಆಗ ಹೊಳೆಯಿತು.

ಸಾಹುಕಾರರು ಜಗುಲಿಯಲ್ಲಿ ಕೂತು ಒಂದು ಲೋಟ ನೀರು ಕುಡಿದರು. ‘ತಾಯಿ’ ಎನ್ನುವ ಮಾತು ಅವರ ಬಾಯಿಂದ ಹೊರಡಲಿಲ್ಲ. “ಹೇಳಿದ್ರೆ ಯಾರು ಕೊಳ್ತಿದ್ರು?” ಎಂದರು ತಗ್ಗಿದ ದನಿಯಲ್ಲಿ. “ನಮ್ಮಪ್ಪ ಆ ಹಗೇವಲ್ಲಿ ಒಂದು ವರ್ಷದ ಬೆಳೆ ಕಳ್ಕೊಂಡ್ರು. ಆ ಮನೆ ಅಂದ್ರೇನೇ ನಂಗೆ ಆಗ್ತಿರ್ಲಿಲ್ಲ. ಹೆಂಗಾದ್ರೂ ಕೈ ಬಿಟ್ರೆ ಸಾಕು ಅನ್ಸಿತ್ತು.”

“ನಾವೇ ಕೊಳ್ತಿದ್ವಿ,” ಎಂದರು ಅತ್ತೆ. “ಸ್ವಲ್ಪ ಚೌಕಾಸಿ ಮಾಡಿ.”

ಕಡೂರಿಗೆ ಹೋಳಿಗೆಯ ಜೊತೆಗೆ ಸುದ್ದಿಯೂ ತಲುಪಿತು. ಈಗ ಸಾಕ್ಷಿ ಹೇಳಲು ಒಂದು ಪಂಕ್ತಿಯೇ ಇತ್ತು. ಎಮ್ಮೆಯ ಯಜಮಾನರು ಸಹ ಬರುತ್ತೇನೆ ಎಂದಿದ್ದರು, ಊಟ ಹಾಕಿದ ಮನೆಯ ದಾಕ್ಷಿಣ್ಯ. ಲಾಯರು ನಮ್ಮನ್ನು ಕೂರಿಸಿ, “ಏನು ಬೇಕು ಹೇಳಿ. ಕ್ರಯ ರದ್ದು ಮಾಡ್ಸಿ ಅಂದ್ರೂ ಈಗ ಆತ ತುಟಿ ಬಿಚ್ಚಲ್ಲ” ಎಂದರು. ಯಜಮಾನರಿಗೆ ರದ್ದು ಮಾಡಿಸಿ ಕೈತೊಳೆದುಕೊಳ್ಳುವ ಆಸೆ. ನನಗೆ ಆ ಬಾವಿಯ ಸಿಹಿನೀರು, ಬೆಳಿಗ್ಗೆ ಅಡುಗೆಮನೆಗೆ ಬೀಳುವ ಬಿಸಿಲು ಬಿಡಲು ಮನಸ್ಸಿರಲಿಲ್ಲ. ಅತ್ತೆಯನ್ನು ಕೇಳುವ ಅಗತ್ಯವೇ ಇರಲಿಲ್ಲ. ಹಿತ್ತಲಿನಲ್ಲಿ ಅವರು ಹಾಕಿದ ಹೀರೇಬಳ್ಳಿ ಆಗಲೇ ಬೇಲಿ ಹತ್ತಿತ್ತು. ಕೊನೆಗೆ ರಾಜಿಯೇ ಆಯಿತು. ಹಗೇವು ತೆಗೆಸಿ, ಖಾಲಿ ಮಾಡಿಸಿ, ಕಲ್ಲು ಮಣ್ಣು ತುಂಬಿ, ಗಟ್ಟಿಯಾಗಿ ಬಡಿದು ದಮ್ಮಸು ಮಾಡಿಸಿ, ಹೊಸ ನೆಲ ಹಾಕಿಸಿಕೊಡುವುದು ಸಾಹುಕಾರರ ಹೊಣೆ. ಕೆಲಸ ಮುಗಿದು, ಒಂದು ಮಳೆಗಾಲ ಕಳೆದು, ನೆಲ ಕುಸಿದು ಕೂತಿಲ್ಲ ಎಂದು ನಾವು ಬರೆದುಕೊಟ್ಟ ಮೇಲೆಯೇ ಅವರಿಗೆ ಬಿಡುಗಡೆ. ಈ ಕಡೆಯ ಷರತ್ತು ಲಾಯರದು. ಅವರು ಅದನ್ನು ಬರೆಸುವಾಗ ಎರಡು ಸಲ ಸೀನಿದರು, ಸಂತೋಷಕ್ಕೆ.

ಮಳೆ ಬಿಟ್ಟ ಮೇಲೆ ಕೆಲಸ ಶುರುವಾಯಿತು. ಚಪ್ಪಡಿ ಸರಿಸಿದ ದಿನ ಬೀದಿಯವರೆಲ್ಲ ಬಾಗಿಲು ಹಾಕಿಕೊಂಡರು. ಕೆಲಸದವರು ಮೊದಲು ಒಂದು ಲಾಟೀನು ಇಳಿಬಿಟ್ಟರು. ಅರ್ಧಕ್ಕೇ ಆರಿಹೋಯಿತು. ಒಳಗಿನ ಕೆಟ್ಟ ಗಾಳಿ ಪೂರ್ತಿ ಹೋಗುವವರೆಗೂ ಯಾರೂ ಇಳಿಯಬಾರದೆಂದು ಬಾಯಿ ತೆರೆದೇ ಬಿಟ್ಟರು. ಅಷ್ಟು ದಿನವೂ ನಾವು ಜಗುಲಿಯಲ್ಲೇ ಅಡುಗೆ, ಜಗುಲಿಯಲ್ಲೇ ಊಟ. ಆಮೇಲೆ ಹೊರಬಂದದ್ದು ಬುಟ್ಟಿ ಬುಟ್ಟಿ ಕಪ್ಪು ಕೆಸರು. ಒಂದು ಕಾಲದಲ್ಲಿ ರಾಗಿಯಾಗಿತ್ತು ಎಂದರೆ ನಂಬುವ ಹಾಗಿರಲಿಲ್ಲ. ಅಮೃತಾಪುರದಿಂದ ನನ್ನ ತಂದೆ ಬಂದವರು ಅದನ್ನು ನೋಡಿ, “ಒಳ್ಳೇ ಗೊಬ್ಬರ ಕಣಮ್ಮ, ಬಿಸಾಡಬೇಡಿ” ಎಂದು ಗಾಡಿಯಲ್ಲಿ ತುಂಬಿಸಿಕೊಂಡು ಹೋದರು. ಇಸ್ತ್ರಿ ಪಂಚೆಯ ಸಾಹುಕಾರರು ಮೂಗಿಗೆ ಟವೆಲು ಕಟ್ಟಿಕೊಂಡು ಅಂಗಳದಲ್ಲಿ ನಿಂತು ಕೆಲಸ ಮಾಡಿಸುತ್ತಿದ್ದರು. ಅವರ ದೊಡ್ಡಮ್ಮ ನಮ್ಮ ಅತ್ತೆಯ ಪಕ್ಕದಲ್ಲಿ ಕೂತು, ಅಡಿಕೆ ಅಗಿಯುತ್ತ, ಸಾಹುಕಾರರಿಂದ ಕೆಲಸ ಮಾಡಿಸುತ್ತಿದ್ದರು. “ಇನ್ನೊಂದು ಗಾಡಿ ಕಲ್ಲು ಹಾಕ್ಸೋ, ಜುಗ್ಗತನ ಮಾಡ್ಬೇಡ!” ಎಂಬ ಅವರ ಕೂಗು ರೈಲ್ವೆ ಸ್ಟೇಷನ್ನಿಗೂ ಕೇಳಿಸಿರಬೇಕು. ಅತ್ತೆಗೂ ಅವರಿಗೂ ಎಂಥ ಸ್ನೇಹ ಬೆಳೆಯಿತೆಂದರೆ, ನೆಲ ಆರುವ ಹೊತ್ತಿಗೆ ಒಬ್ಬರ ಮಂಡಿನೋವಿಗೆ ಇನ್ನೊಬ್ಬರು ಎಣ್ಣೆ ಕಾಯಿಸಿ ಕೊಡುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ನೆಲ ಕೂರಲಿಲ್ಲ. ನಾನು ಖಾರದ ಪುಡಿ ನಡುಮನೆಯಲ್ಲೇ ಕುಟ್ಟಿದೆ, ಬೇಕೆಂದೇ. ಸಾಹುಕಾರರಿಗೆ ಬಿಡುಗಡೆ ಬರೆದುಕೊಟ್ಟೆವು.

ಎಂಬತ್ತರ ದಶಕ ಅರ್ಧ ಕಳೆದಿದ್ದಾಗ ಯಜಮಾನರಿಗೆ ಮತ್ತೆ ತರೀಕೆರೆಗೆ ವರ್ಗವಾಯಿತು. ಮನೆ ಮಾರಬೇಕಾಯಿತು. ಆಗ ಶುರುವಾಯಿತು ನಮ್ಮ ನಿಜವಾದ ಕಷ್ಟ. ಮನೆ ನೋಡಲು ಬಂದವರನ್ನು ಅತ್ತೆ ತಾವೇ ಕರೆದುಕೊಂಡು ಸುತ್ತುತ್ತಿದ್ದರು. “ಈ ಕೋಣೆ ಮೂಲೇಲಿ ಸೋರ್ತದೆ. ಈ ಕಿಟಕಿ ಬೇಸಿಗೇಲಿ ಮುಚ್ಚಲ್ಲ, ಮಳೇಲಿ ತೆಗೆಯೋಕಾಗಲ್ಲ. ಬಚ್ಚಲ ನೀರು ಹೋಗೋದು ನಿಧಾನ. ಆ ತೊಲೇಲಿ ಗೆದ್ದಲಿತ್ತು, ಎಣ್ಣೆ ಬಳಿದೀವಿ. ಇಲ್ಲಿ ಹಗೇವಿತ್ತು.” ಬಂದವರು ಕಾಫಿ ಕುಡಿದು, ಕೈ ಮುಗಿದು, ಮತ್ತೆ ಬರುತ್ತಿರಲಿಲ್ಲ. “ಅವ್ವ, ಕಾಣೋ ದೋಷ ಹೇಳ್ಬೇಕಾಗಿಲ್ಲ ಅಂತ ಲಾಯರೇ ಹೇಳಿದಾರೆ” ಎಂದು ಯಜಮಾನರು ಬೇಡಿಕೊಂಡರು. “ಅವ್ರಿಗೆ ಕಾಣ್ತದೋ ಇಲ್ವೋ ನಂಗೇನು ಗೊತ್ತು?” ಎಂದರು ಅತ್ತೆ.

ಕೊನೆಗೆ ರೈಲ್ವೆಯಲ್ಲಿ ಕೆಲಸದಲ್ಲಿದ್ದ ಒಬ್ಬರು ಬಂದರು. ಪೂರ್ತಿ ಪಟ್ಟಿ ಕೇಳಿದರು. ಅವರಿಗೆ ಅನುಮಾನ ಬಂತು. ಇಷ್ಟೊಂದು ಹೇಳುವವರು ಇನ್ನೇನೋ ದೊಡ್ಡದನ್ನು ಮುಚ್ಚಿಡುತ್ತಿರಬೇಕು ಎಂದು ಬೀದಿಯಲ್ಲೆಲ್ಲ ವಿಚಾರಿಸಿದರು. ಯಾರೂ ಬೇರೇನೂ ಹೇಳದಿದ್ದಾಗ, ಬೀದಿಯವರೆಲ್ಲ ಸೇರಿ ಮುಚ್ಚಿ ಹಾಕುತ್ತಿದ್ದಾರೆ ಎಂದುಕೊಂಡರು. ಆದರೂ ಅವರ ಹೆಂಡತಿ ಬಾವಿಯ ನೀರು ಕುಡಿದು ನೋಡಿ, ಇದೇ ಮನೆ ಎಂದಿದ್ದರಿಂದ ಕೊಂಡರು.

ಒಂದು ಮಳೆಗಾಲ ಕಳೆದ ಮೇಲೆ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ಅತ್ತೆ, ನಾನು ಅಮೃತಾಪುರಕ್ಕೆ ಹೊರಟಿದ್ದೆವು. ಅವರ ಮುಖ ಸಣ್ಣಗಾಗಿತ್ತು. “ಅಮ್ಮಾ, ಆ ಕೋಣೆ ಮೂಲೆ ಸೋರ್ತಾ ಐತೆ. ಹಾಸಿಗೆಯೆಲ್ಲ ನೆಂದುಹೋಯ್ತು” ಎಂದರು.

“ಹೇಳಿದ್ನಲ್ಲಪ್ಪಾ!” ಎಂದರು ಅತ್ತೆ ಗಾಬರಿಯಿಂದ.

“ಹೇಳಿದ್ರಿ. ನೀವು ಹೇಳಿದ್ದೆಲ್ಲ ಸುಮ್ನೆ ಮಾತಿಗೆ ಹೇಳ್ತೀರ ಅಂತ ತಿಳ್ಕೊಂಡಿದ್ದೆ.”

ಅತ್ತೆ ಅವರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. ಆಮೇಲೆ ಚೀಲ ನನ್ನ ಕೈಗೆ ಕೊಟ್ಟು, ಬಸ್ಸು ಹೊರಡುವವರೆಗೂ, ಆ ಮೂಲೆಯ ಹೆಂಚನ್ನು ಹೇಗೆ ತೆಗೆದು ಜೋಡಿಸಬೇಕು, ಎಲ್ಲಿಂದ ಶುರುಮಾಡಬೇಕು, ಯಾವ ಹೆಂಚಿನ ಮೇಲೆ ಕಾಲಿಡಬಾರದು ಎಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸುತ್ತ ನಿಂತರು. ಕಂಡಕ್ಟರು ಎರಡು ಸಲ ಸೀಟಿ ಊದಬೇಕಾಯಿತು.